ತೂಕದಲ್ಲಿ ಐದು ಕೆಜಿ ಸುಳ್ಳು

ಕಂಪ್ಯೂಟರ್ ಬಲ್ಲವರನ್ನು ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲವದು. ಅಪ್ಪನ ಜೊತೆಯವರೆಲ್ಲ ಸ್ಟುಟ್‌ಗಾರ್ಟ್ ಕಡೆ ಇಳಿದರೆ, ನಾವು ಮಾತ್ರ ಮೈಸೂರಿನಿಂದ ಸೀದಾ ದೇಶದ ಉತ್ತರದ ತುದಿಗೆ, ಮೀನಿನ ವಾಸನೆಯ ಒಂದು ಪುಟ್ಟ ಊರಿಗೆ ಹೋಗಿ ಬಿದ್ದೆವು. ಅಲ್ಲಿಂದ ದ್ವೀಪಗಳಿಗೆ ಹಾರುವ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಅಪ್ಪನಿಗೆ ಕೆಲಸ. ಇದ್ದದ್ದು ಎರಡೇ ವಿಮಾನ, ಒಳಗೆ ಮೆಟಡೋರ್ ವ್ಯಾನಿನಷ್ಟು ಜಾಗ. ಚಳಿಗೆ ಸಮುದ್ರ ಹೆಪ್ಪುಗಟ್ಟಿ ಹಡಗು ನಿಂತರೆ ಬ್ರೆಡ್ಡು, ಔಷಧಿ, ಟಪಾಲು, ಮನುಷ್ಯರು ಎಲ್ಲ ಅದರಲ್ಲೇ ಹೋಗಬೇಕು.

ಹತ್ತುವ ಮೊದಲು ಎಲ್ಲರನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಪೈಲಟ್ ಹೆರ್ ಯಾನ್ಸೆನ್ ತೂಕವನ್ನು ಗಟ್ಟಿಯಾಗಿ ಕೂಗಿ ಬರೆದುಕೊಳ್ಳುತ್ತಿದ್ದರು. ಅದಕ್ಕೇ ಅಮ್ಮ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

"ಹತ್ತು ಜನರ ಮುಂದೆ ನನ್ನ ತೂಕ ಕೂಗಿಸ್ಕೋಬೇಕಾ? ನೀವೇ ಹೋಗ್ಬನ್ನಿ."

ಆ ತೂಕಗಳನ್ನು ಕೂಡಿಸಿ, ಯಾರು ಎಲ್ಲಿ ಕೂರಬೇಕೆಂದು ಹೇಳುವ ಪ್ರೋಗ್ರಾಮ್ ಬರೆಯುವುದೇ ಅಪ್ಪನ ಕೆಲಸ. ನನಗೋ ಪೈಲಟ್ ಪಕ್ಕದ ಸೀಟಿನ ಹುಚ್ಚು. ಅಲ್ಲಿ ಅಷ್ಟೊಂದು ಗಡಿಯಾರ ಯಾಕಿವೆ, ಯಾವುದು ಏನು ಹೇಳುತ್ತದೆ, ಮೋಡದೊಳಗೆ ದಾರಿ ಹೇಗೆ ಗೊತ್ತಾಗುತ್ತದೆ? ಕೇಳಿ ಕೇಳಿ ಅಪ್ಪನ ತಲೆ ತಿಂದಿದ್ದೆ.

"ಅಲ್ಲಿ ತೂಕ ಇರೋರನ್ನ ಕೂರಿಸ್ತಾರೆ ಪುಟ್ಟಿ. ನೀನು ಕಡ್ಡಿ. ನಿಂಗೆ ಹಿಂದಿನ ಸೀಟೇ ಗತಿ."

ಅಷ್ಟು ಸಾಕಾಯಿತು. ಶಾಲೆಗೆ ರಜೆಯಿದ್ದ ಒಂದು ದಿನ ಅಪ್ಪ ಕೆಲಸದ ಮೇಲೆ ದ್ವೀಪಕ್ಕೆ ಹೊರಟಾಗ ನಾನೂ ಹಟ ಹಿಡಿದು ಹೊರಟೆ. ಅಮ್ಮನ ಹಿತ್ತಾಳೆ ಕುಟ್ಟಾಣಿಯನ್ನು ಶಾಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡೆ, ಜೇಬುಗಳಿಗೆ ಬೆಣಚುಕಲ್ಲು ತುಂಬಿದೆ, ಮೇಲೆ ದಪ್ಪ ಜಾಕೆಟ್ಟು.

"ಇಪ್ಪತ್ತೊಂಬತ್ತು!" ಎಂದು ಕೂಗಿದರು ಹೆರ್ ಯಾನ್ಸೆನ್. ಇದ್ದದ್ದು ಇಪ್ಪತ್ನಾಲ್ಕು.

ಮುಂದಿನ ಸೀಟು ಸಿಕ್ಕಿತೇ? ಎಲ್ಲಿ ಬಂತು! ನಮ್ಮಪ್ಪನಂಥವರು ಇಬ್ಬರನ್ನು ಸೇರಿಸಿದಷ್ಟಿದ್ದ ಒಬ್ಬ ಎಲೆಕ್ಟ್ರಿಷಿಯನ್ ಅದರಲ್ಲಿ ಕುಳಿತ. ಸಾಲದ್ದಕ್ಕೆ ಅಪ್ಪನ ಕಂಪ್ಯೂಟರು ಐದು ಕೆಜಿ ಹೆಚ್ಚಾಯಿತು ಎಂದಿತು. ಹೆರ್ ಯಾನ್ಸೆನ್ ಟಪಾಲಿನ ಒಂದು ಸಣ್ಣ ಚೀಲವನ್ನು ಕೆಳಗಿಳಿಸಿ, "ನಾಳೆ ತಂದರಾಯ್ತು" ಎಂದರು. ನಾನು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡೆ.

ದ್ವೀಪದಲ್ಲಿ ನಾವು ಉಳಿದುಕೊಂಡದ್ದು ಓಮಾ ಕ್ಲಾಸೆನ್, ಅಂದರೆ ಕ್ಲಾಸೆನ್ ಅಜ್ಜಿ, ಎಂಬ ಒಂಟಿ ಮುದುಕಿಯ ಮನೆಯಲ್ಲಿ. ಅವರ ಕನ್ನಡಕ ಒಡೆದು ವಾರವಾಗಿತ್ತು. ಹೊಸದು ಟಪಾಲಿನಲ್ಲಿ ಬರಬೇಕಿತ್ತು. ಅದು ಆ ಚೀಲದಲ್ಲೇ ಇತ್ತು ಎಂದು ಸಂಜೆ ಫೋನಿನಲ್ಲಿ ಗೊತ್ತಾಯಿತು. ಮರುದಿನ ಕವಿದ ಮಂಜು ಮೂರು ದಿನ ಕದಲಲಿಲ್ಲ. ವಿಮಾನವೂ ಬರಲಿಲ್ಲ.

ಎರಡನೆಯ ದಿನ ಓಮಾ ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಸುರಿದರು. ಸಕ್ಕರೆ ಚಟ್ ಎಂದು ಸಿಡಿಯಿತು. ಅಪ್ಪ ಹೊರಗೆ ಹೋದದ್ದನ್ನು ಖಚಿತ ಮಾಡಿಕೊಂಡು ಏಪ್ರನ್ನಿನಿಂದ ಒಂದು ಕಾಗದ ತೆಗೆದರು.

"ನಿಂಗೆ ಓದಕ್ಕೆ ಬರತ್ತಾ? ಇಲ್ಲಿಯವರ ಹತ್ರ ಓದಿಸಿದ್ರೆ ಮಧ್ಯಾಹ್ನಕ್ಕೆ ಊರಿಗೆಲ್ಲ ಗೊತ್ತಾಗತ್ತೆ."

ಅವರ ಅಕ್ಕನ ಕಾಗದ. ಮನೆಯ ಜಗಳದಲ್ಲಿ ಇಬ್ಬರೂ ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದರಂತೆ. ನಾನು ಅಕ್ಷರ ಕೂಡಿಸಿಕೊಂಡು ಓದಿದೆ: ಆಸ್ಪತ್ರೆಯಲ್ಲಿದ್ದೇನೆ, ಹೆಚ್ಚು ದಿನ ಇರಲಾರೆ, ಒಂದು ಸಲ ಬಂದು ಹೋಗು. ಓಮಾ ಇನ್ನೊಮ್ಮೆ ಓದು ಎಂದರು. ಮತ್ತೊಮ್ಮೆ ಓದಿಸಿದರು. ಕನ್ನಡಕ ಬಂದಿದ್ದರೆ ನಾವು ಬಂದ ದಿನವೇ ಓದಿ, ಮಂಜು ಕವಿಯುವ ಮೊದಲೇ ಹೊರಡುತ್ತಿದ್ದರು. ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ ಎಂದು ಅಳು ಬಂತು.

ನಾಲ್ಕನೆಯ ದಿನ ಬಿಸಿಲು ಬಿತ್ತು, ವಿಮಾನ ಬಂತು, ಕನ್ನಡಕವೂ ಬಂತು. ಆದರೆ ಮೂರು ದಿನದಿಂದ ಕಾದವರ ದೊಡ್ಡ ಗುಂಪೇ ಅಲ್ಲಿತ್ತು. ದ್ವೀಪದಲ್ಲಿ ತಕ್ಕಡಿ ಇರಲಿಲ್ಲ. ಬರುವಾಗಿನ ತೂಕವೇ ಹೋಗುವಾಗಲೂ ಲೆಕ್ಕ. ಎಲ್ಲರಿಗಿಂತ ಕೊನೆಯಲ್ಲಿ ಕೈಚೀಲ ಹಿಡಿದು ನಿಂತಿದ್ದ ಓಮಾಗೆ ಹೆರ್ ಯಾನ್ಸೆನ್ ತಲೆಯಲ್ಲಾಡಿಸಿದರು.

"ಸೀಟೇನೋ ಒಂದಿದೆ. ತೂಕವೇ ನಾಲ್ಕು ಕೆಜಿ ಹೆಚ್ಚಾಗತ್ತೆ. ನಾಳೆ ನೋಡೋಣ."

ಓಮಾ ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕನ ವಿಷಯ ಅಷ್ಟು ಜನರ ಮುಂದೆ ಅವರು ಹೇಳುವವರಲ್ಲ. ಹೇಳಬೇಕಾದವಳು ನಾನೇ.

"ನಾನು ಇಪ್ಪತ್ನಾಲ್ಕೇ ಇರೋದು!" ಎಂದು ಕಿರುಚಿದೆ. ಜಾಕೆಟ್ ಬಿಚ್ಚಿ, ಹೋಗುವಾಗಲೂ ತೂಗುತ್ತಾರೆಂದು ಮತ್ತೆ ಕಟ್ಟಿಕೊಂಡಿದ್ದ ಕುಟ್ಟಾಣಿ ತೋರಿಸಿದೆ, ಜೇಬಿನ ಕಲ್ಲುಗಳನ್ನು ಸುರಿದೆ.

ಹೆರ್ ಯಾನ್ಸೆನ್ ಕಲ್ಲುಗಳನ್ನು ನೋಡಿದರು. "ಹಾಗಾದ್ರೆ ಅವತ್ತು ಆ ಚೀಲ ಇಳಿಸಿದ್ದು ನಿನ್ನಿಂದ."

ಹೂಂ ಎಂದೆ. ಅಪ್ಪನ ಕಿವಿ ಕೆಂಪಾಗಿತ್ತು. ಓಮಾ ಹೊಸ ಕನ್ನಡಕದೊಳಗಿಂದ ನನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಇಷ್ಟು ಚಿಕ್ಕವಳಾ ನೀನು?" ಎಂದು ನನ್ನ ಕೈ ಹಿಡಿದೇ ವಿಮಾನ ಹತ್ತಿದರು. ಕುಟ್ಟಾಣಿ ದ್ವೀಪದಲ್ಲೇ ಉಳಿಯಿತು. ಅಮ್ಮನಿಂದ ಅದಕ್ಕೆ ಬೈಗುಳವೂ ಬಿತ್ತು. "ನನ್ನ ಪ್ರೋಗ್ರಾಮ್ ಸರಿಯಾಗೇ ಇತ್ತು, ನೀನೇ ತಪ್ಪು" ಎಂದು ಅಪ್ಪ ತಿಂಗಳುಗಟ್ಟಲೆ ರೇಗಿಸಿದರು. ಓಮಾ ಆಸ್ಪತ್ರೆ ತಲುಪಿದಾಗ ಅಕ್ಕನಿಗೆ ಮಾತು ನಿಂತಿರಲಿಲ್ಲವಂತೆ. ಎರಡು ದಿನ ಇಬ್ಬರೂ ಮಾತಾಡಿದರಂತೆ.

ಈಗ ನಾನಿರುವುದು ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನಲ್ಲಿ. ಕಳೆದ ತಿಂಗಳು ಕಲೋನ್ ರೈಲಿನಲ್ಲಿ ಪಕ್ಕದ ಖಾಲಿ ಸೀಟಿನ ಮೇಲೆ ಬ್ಯಾಗ್ ಇಟ್ಟುಕೊಂಡಿದ್ದೆ. ವಯಸ್ಸಾದ ಒಬ್ಬ ಹೆಂಗಸು ಜಾಗ ಹುಡುಕುತ್ತ ಬಂದರು. "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

ಬ್ಯಾಗಿನ ಮೇಲೆ ಕೈಯಿಟ್ಟು, ಇದ್ದಾರೆ ಎಂದೆ.