ರೋಹಿಣಿಯ ಆರು ವೋಲ್ಟು

ರೋಹಿಣಿಯ ಸೀರೆಗಳಿಗೆಲ್ಲ ಮೊಣಕಾಲಿನ ಹತ್ತಿರ ಕಡಲೆಕಾಳಿನಷ್ಟು ತೂತುಗಳಿದ್ದವು. ತೊಕ್ಕೊಟ್ಟಿನಲ್ಲಿ ಅವಳದ್ದು ಬ್ಯಾಟರಿ ಅಂಗಡಿ. ಆಸಿಡ್ ಹಾರಿ ಆದ ತೂತುಗಳು. "ಪಾಪ, ಎಷ್ಟು ಒಳ್ಳೆಯ ಸೀರೆ" ಎಂದು ನನ್ನ ಗಂಡ ಮರುಗುತ್ತಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಎದುರು ನಿಂತರೆ "ಊಟ ಆಯ್ತಾ?" ಎಂದು ಕೇಳುವ ಮನುಷ್ಯ ಇವರು. ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಎಲ್ಲಕ್ಕೂ ಮೂಲ ಇವರ ಅಜ್ಜನ ಕಾಲದ ವಿಲಾಯಿತಿ ಟ್ರ್ಯಾಕ್ಟರ್. ಗದ್ದೆ ಹೋಗಿ ಎಷ್ಟೋ ಕಾಲವಾಗಿದೆ. ಟ್ರ್ಯಾಕ್ಟರ್ ಮಾತ್ರ ಮಣ್ಣಗುಡ್ಡದ ನಮ್ಮ ಅಂಗಳಕ್ಕೆ ಬಂದು ಕಾರು ನಿಲ್ಲುವ ಜಾಗದಲ್ಲಿ ಕೂತಿತು. ಅದಕ್ಕೆ ಬೇಕಾದ ಆರು ವೋಲ್ಟಿನ ಬ್ಯಾಟರಿ ಸಿಕ್ಕಿದ್ದು ರೋಹಿಣಿಯ ಅಂಗಡಿಯಲ್ಲಿ. ಇವರು ಅದನ್ನು ತಂದು, ನಮ್ಮ ಕಾರಿನಲ್ಲಿದ್ದಂತೆಯೇ ಮೈನಸ್ ಕೇಬಲನ್ನು ಚೇಸಿಸ್‌ಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿದರು. ಎಂಜಿನ್ ಸ್ಟಾರ್ಟ್ ಆಯಿತು, ಆದರೆ ಚಾರ್ಜ್ ತೋರಿಸುವ ಮುಳ್ಳು ಹಿಂದಕ್ಕೆ ವಾಲಿತು. ಮೀಟರ್ ಹಾಳಾಗಿದೆ ಎಂದು ತೀರ್ಮಾನಿಸಿ ರೋಹಿಣಿಯನ್ನೇ ಕರೆಸಿದರು.

"ಅಯ್ಯೋ ದೇವೆರೇ! ಮೀಟರ್ ಸರಿ ಉಂಟು ಶೆಟ್ರೇ, ಉಲ್ಟಾ ಮಾಡಿದ್ದು ನೀವು. ಇದು ಹಳೇ ಕಾಲದ್ದು, ಚೇಸಿಸ್‌ಗೆ ಪ್ಲಸ್ ಕೊಡ್ಬೇಕು. ಇನ್ನು ಸ್ವಲ್ಪ ಓಡಿಸಿದ್ರೆ ಡೈನಮೋ ಸುಟ್ಟೇ ಹೋಗ್ತಿತ್ತು."

ಇವರು ಬಾಯಿ ತುಂಬ ನಕ್ಕರು. ಅಂಗಿಯ ಗುಂಡಿ ತಪ್ಪಿದೆ ಎಂದು ನಾನು ಹೇಳಿದರೆ ಸಂಜೆಯವರೆಗೆ ಮುಖ ಊದಿಸಿಕೊಳ್ಳುವವರು! ಅವಳು ಕೇಬಲ್ ಅದಲು ಬದಲು ಮಾಡಿ, ಬ್ಯಾಟರಿಯಿಂದ ಒಂದು ವಯರ್ ಎಳೆದು ಡೈನಮೋಗೆ ಕ್ಷಣಮಾತ್ರ ಮುಟ್ಟಿಸಿದಳು. ಚಿರ್ ಎಂದು ಕಿಡಿ ಹಾರಿತು. "ಇದಕ್ಕೆ ದಿಕ್ಕು ಮರೆತು ಹೋಗ್ತದೆ. ಹೀಗೆ ಒಮ್ಮೆ ನೆನಪು ಮಾಡಿ ಕೊಡ್ಬೇಕು" ಎಂದಳು. ಇವರು ದೇವರ ದರ್ಶನವಾದವರಂತೆ ನೋಡುತ್ತಿದ್ದರು.

ಅಲ್ಲಿಂದ ಮುಂದೆ ಭಾನುವಾರವೆಂದರೆ ತೊಕ್ಕೊಟ್ಟು. ನಾನೊಂದು ಉಪಾಯ ಹೂಡಿದೆ. "ಹನ್ನೆರಡು ವೋಲ್ಟಿಗೆ ಬದಲಾಯಿಸಿ ಬಿಡಿ, ಬ್ಯಾಟರಿ ಎಲ್ಲಿ ಬೇಕಾದ್ರೂ ಸಿಗ್ತದೆ."

"ಬೇಡ ಅಂತ ರೋಹಿಣಿ ಹೇಳಿದ್ದಾಳೆ" ಎಂದರು. ಮುಗಿಯಿತು.

ಒಂದು ಭಾನುವಾರ ನಾನೇ ಬಸ್ಸು ಹತ್ತಿ ಅಂಗಡಿಗೆ ಹೋದೆ, ಅವಳಿಗೆ ಎರಡು ಮಾತು ಅಂದೇ ಬರಬೇಕೆಂದು. ಇವರು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವಳು ನನ್ನ ಮುಖ ನೋಡಿದವಳೇ ಎಲ್ಲ ಅರ್ಥ ಮಾಡಿಕೊಂಡಳು.

"ಗಂಡನನ್ನು ಈಗಲೇ ಕರ್ಕೊಂಡು ಹೋಗಿ ಅಕ್ಕ. ಬ್ಯಾಟರಿ ಚಾರ್ಜಿಗೆ ಇಟ್ಟಿದ್ದೇನೆ, ಅದು ಮಾತ್ರ ಸಂಜೆಗೆ ಸಿಗ್ತದೆ."

ನನಗೆ ನಗು ಬಂದೇಬಿಟ್ಟಿತು. ಜಗಳಕ್ಕೆ ಹೋದವಳನ್ನು ನಗಿಸಿ ಕಳಿಸಿದಳಲ್ಲ ಎಂದು ದಾರಿಯುದ್ದಕ್ಕೂ ಮತ್ತಷ್ಟು ಉರಿದುಕೊಂಡೆ.

ಕಳೆದ ವರ್ಷ ಅವಳು ಅಂಗಡಿ ಮುಚ್ಚಿ, ಮಸ್ಕತ್ತಿನಲ್ಲಿರುವ ಮಗಳ ಮನೆಗೆ ಹೊರಟಳು. ಹೇಳಿ ಹೋಗಲು ಬಂದವಳು ತನ್ನ ಸ್ಪ್ಯಾನರನ್ನು ಕೊಟ್ಟದ್ದು ನನ್ನ ಕೈಗೆ.

"ಶೆಟ್ರಿಗೆ ಪ್ರೀತಿ ಉಂಟು, ಕ್ರಮ ಇಲ್ಲ. ನೀವು ಕಲಿಯಿರಿ ಅಕ್ಕ. ಬಿಚ್ಚುವಾಗ ಚೇಸಿಸಿನ ಕೇಬಲ್ ಮೊದಲು, ಕಟ್ಟುವಾಗ ಅದು ಕೊನೆಗೆ. ಸಪೂರದ ಕೇಬಲ್ ಯಾರು ಕೊಟ್ಟರೂ ಬೇಡ, ಆರು ವೋಲ್ಟಿಗೆ ದಪ್ಪದ್ದೇ ಆಗ್ಬೇಕು."

ಅವಳಿಗಿಂತ ಚೆನ್ನಾಗಿ ಮಾಡಿ ತೋರಿಸಬೇಕೆಂಬ ಹಟಕ್ಕೆ ಎಲ್ಲವನ್ನೂ ಕಲಿತೆ. ಮೊನ್ನೆ ದೂರದಿಂದ ತರಿಸಿದ ಹೊಸ ಬ್ಯಾಟರಿಯನ್ನು ನಾನೇ ಕಟ್ಟಿ ಸ್ಟಾರ್ಟ್ ಮಾಡಿದೆ. ಎಲ್ಲ ಸರಿಯಾಗಿತ್ತು. ಇವರು ಸಂತೋಷದಿಂದ ಫೋನ್ ತೆಗೆದರು. ನನ್ನ ಫೋಟೊ ತೆಗೆಯುತ್ತಾರೆಂದು ನಾನು ಸೆರಗು ಸರಿ ಮಾಡಿಕೊಂಡೆ. ಇವರು ಮೀಟರಿನದ್ದೂ ಬ್ಯಾಟರಿಯದ್ದೂ ವೀಡಿಯೊ ಮಾಡಿ, "ರೋಹಿಣಿಗೆ ಕಳಿಸುವ, ಖುಷಿ ಆಗ್ತದೆ ಅವಳಿಗೆ" ಎಂದರು. ಕೈಯಲ್ಲಿದ್ದ ಸ್ಪ್ಯಾನರನ್ನು ಎಸೆಯುವಷ್ಟು ಸಿಟ್ಟು ಬಂತು.

ಸ್ವಲ್ಪ ಹೊತ್ತಿಗೆ ಅವಳದ್ದೇ ಫೋನ್ ಬಂತು. ಇವರು ಸ್ಪೀಕರ್ ಹಾಕಿದರು.

"ಇಷ್ಟು ಚಂದ ಕಟ್ಟಿದ್ದು ನೀವಲ್ಲ ಶೆಟ್ರೇ. ಅಕ್ಕನಿಗೆ ಕೊಡಿ ಫೋನ್."

ನಾನು ಫೋನ್ ತೆಗೆದುಕೊಂಡು, ಸ್ಪೀಕರ್ ಆರಿಸಿ ಒಳಗೆ ಹೋದೆ. ತುಂಬ ಹೊತ್ತು ಮಾತಾಡಿದೆವು, ನಕ್ಕೆವು. ಇವರು ಬಾಗಿಲಲ್ಲಿ ನಿಂತು "ಎಂತದಂತೆ? ಎಂತ ಹೇಳ್ತಾಳೆ?" ಎಂದು ಕೇಳುತ್ತಲೇ ಇದ್ದರು. ನಾನು ಇವತ್ತಿನವರೆಗೂ ಹೇಳಿಲ್ಲ.