ನಾಲ್ಕನೆಯ ಸಲದ ನೀರು

ಹೋದ ವಾರ ಮಾಳಿಗೆಯ ಮೇಲಿನ ನೀರಿನ ಟಾಕಿಯ ಮುಚ್ಚಳ ತೆಗೆಸಿದೆವು. ಒಳಗೆ ಬೆರಳು ದಪ್ಪ ಪಾಚಿ. ಅದರ ಮೇಲೊಂದು ಸತ್ತ ಹಲ್ಲಿ, ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತಿತ್ತು. ಥೂ! ಇಷ್ಟು ದಿನ ಇದೇ ನೀರಿನಲ್ಲಿ ಬಾಯಿ ಮುಕ್ಕಳಿಸಿ ನಮಾಜಿಗೆ ನಿಂತಿದ್ದೆನೇ! ಮಗ ಮೂಗು ಮುಚ್ಚಿಕೊಂಡು ಕೆಳಗಿಳಿದ. ನಾನು ಮಾತ್ರ ಅಲ್ಲೇ ನಿಂತೆ. ಆ ನಾತ ನನಗೆ ಹೊಸದಲ್ಲ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಮಸೀದಿಯ ಅಂಗಳದಲ್ಲಿ ಕೈಕಾಲು ತೊಳೆಯಲೆಂದು ಕಟ್ಟಿದ್ದ ಕಲ್ಲಿನ ಹೌಜು ಬೇಸಿಗೆಯಲ್ಲಿ ಹೀಗೇ ನಾರುತ್ತಿತ್ತು. ಆ ನಾತದ ಬೆನ್ನಿಗೇ ಇನ್ನೊಂದು ಬಂತು, ತಪಕೀರಿನದು, ಅಂದರೆ ನಶ್ಯದ್ದು. ಬಂದ ನೋಡು ಬಾಂಗಿ ಅಜ್ಜ, ಅಂದುಕೊಂಡೆ...

ನಮ್ಮ ಕಡೆ ಅಜಾನಿಗೆ ಬಾಂಗು ಎನ್ನುವುದು ರೂಢಿ. ಐದು ಹೊತ್ತು ಅದನ್ನು ಕೂಗುವವನು ಬಾಂಗಿ. ಮಸೀದಿಯ ಬಾಗಿಲಿಗೆ ಹತ್ತಿದ ಒಂದು ಗೂಡಿನಂಥ ಕೋಣೆಯಲ್ಲಿ ಅಜ್ಜ ಒಬ್ಬನೇ ಇದ್ದ. ನವಲಗುಂದದ ಕಡೆಯವನಂತೆ, ಹೆಂಡತಿ ಮಕ್ಕಳು ಪ್ಲೇಗಿನಲ್ಲಿ ಹೋದರಂತೆ. ಇದೆಲ್ಲ ಮಂದಿ ಹೇಳುತ್ತಿದ್ದದ್ದು. ಅವನೇ ಹೇಳಿದ್ದನ್ನು ನಾನು ಕೇಳಿಲ್ಲ. ಬಾಂಗು ಕೂಗುವುದು, ಅಂಗಳ ಗುಡಿಸುವುದು, ಬಾವಿಯಿಂದ ನೀರು ಸೇದಿ ಹೌಜು ತುಂಬಿಸುವುದು, ಮೂರೂ ಅವನದೇ ಕೆಲಸ.

ಸುಳ್ಳು ಯಾಕೆ ಹೇಳಲಿ, ಅವನನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ತಪಕೀರು ಏರಿಸಿ ಏರಿಸಿ ಮೂಗಿನಿಂದ ಕಂದು ನೀರು ಸದಾ ಇಳಿಯುತ್ತಿತ್ತು. ಅದನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಅದೇ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದ. ಎಡಗಾಲಿನ ಮೊಣಕಾಲ ಕೆಳಗೆ ಎಂದೂ ಮಾಯದ ಇಸಬು, ಅದರ ಸುತ್ತ ನೊಣ. ದನಿಯಾದರೂ ಛಲೋ ಇತ್ತೇ? ಅದೂ ಇಲ್ಲ, ಒಡಕು ದನಿ. ಇಂಥವನ ಬಾಯಲ್ಲಿ ದೇವರ ಹೆಸರು ಬರುತ್ತದಲ್ಲ ಎಂದು ಮುಖ ತಿರುಗಿಸಿಕೊಂಡೇ ಒಳಗೆ ಹೋಗುತ್ತಿದ್ದೆ.

ನಮ್ಮದು ಹತ್ತಿ ಹಿಂಜುವ ಮನೆತನ. ಮನೆಮಾತು ಕನ್ನಡವೇ. ಹಿಂಜುವ ಬಿಲ್ಲಿನ ತಂತಿಯ ಸದ್ದಿನಲ್ಲೇ ಹುಟ್ಟಿದವನು ನಾನು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು, ನನಗೆ ಹದಿನೆಂಟೋ ಹತ್ತೊಂಬತ್ತೋ. ಮೀಸೆ ಬಂದ ಕಾಲದಲ್ಲಿ ಬೇರೆಯವರಿಗೆ ಬೇರೆ ಹುಚ್ಚು ಹಿಡಿಯುತ್ತದೆ. ನನಗೆ ಹಿಡಿದದ್ದು ಅನುಮಾನದ ಹುಚ್ಚು.

ಮೊದಲು ಬಂದದ್ದು ಮೂತ್ರದ ಅನುಮಾನ. ನಗಬೇಡಿ. ಒಂದು ಹನಿ ಬಟ್ಟೆಗೆ ತಾಗಿದರೂ ಮೈ ಪಾಕಾಗಿ, ಶುದ್ಧವಾಗಿ ಉಳಿಯುವುದಿಲ್ಲ, ಆ ನಮಾಜು ನಮಾಜಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೆವು. ಪಾಯಖಾನೆಯಿಂದ ಬಂದು ವಜೂ ಮಾಡಲು, ಅಂದರೆ ನಮಾಜಿಗೆ ಮೊದಲು ಕೈ ಬಾಯಿ ಮುಖ ಕಾಲು ತೊಳೆಯಲು ಕೂತರೆ, ಹನಿ ಬಿತ್ತೇ? ಇಲ್ಲವೇ? ಮತ್ತೆ ಎದ್ದು ಹೋಗುವುದು, ಮತ್ತೆ ತೊಳೆಯುವುದು. ಮೂರು ಸಲ ತೊಳೆದರೆ ಸಾಕು ಎನ್ನುತ್ತಾರೆ. ನನ್ನ ಮೊಣಕೈ ಎಷ್ಟು ತೊಳೆದರೂ ಒಣಗಿದಂತೆಯೇ ಕಾಣುತ್ತಿತ್ತು. ಕೈಯ ಚರ್ಮ ಬಿರಿದು ಹತ್ತಿಗೆ ರಕ್ತ ಹತ್ತತೊಡಗಿತು. "ನಮಾಜ್ ಮಾಡಾಕ ಹೋಗ್ತಾನೋ, ಈಜ್ಯಾಡಾಕ ಹೋಗ್ತಾನೋ?" ಎಂದು ಅಪ್ಪ ಬಿಲ್ಲು ಕೆಳಗಿಟ್ಟು ಕೂಗಾಡುತ್ತಿದ್ದ.

ಆಮೇಲೆ ಅನುಮಾನ ಬಟ್ಟೆ ಬಿಟ್ಟು ತಲೆಗೆ ಏರಿತು. ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟ ಕೂಡಲೇ ಒಳಗಿನಿಂದ ಒಂದು ದನಿ. ಯಾರಿಗೆ ಬಾಗಿದ್ದೀ? ಅವನು ಇದ್ದಾನೆಂದು ಕಂಡವರು ಯಾರು? ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಜೊತೆಗೆ ಹೊಲಸು ಬೈಗುಳ, ಸಂತೆಯಲ್ಲಿ ಕುಡುಕರೂ ಆಡದಂಥವು, ಅದೂ ದೇವರ ಹೆಸರಿಗೇ ಅಂಟಿಕೊಂಡು ಬರುತ್ತಿದ್ದವು. ಛೀ, ಈಗಲೂ ಬರೆಯಲಾರೆ. ನನ್ನ ತಲೆಯೇ ನನಗೊಂದು ತೆರೆದ ಗಟಾರದಂತೆ ಕಾಣುತ್ತಿತ್ತು. ಊಟ ಸೇರುತ್ತಿರಲಿಲ್ಲ. ನಾನು ಮುಸಲ್ಮಾನನಾಗಿ ಉಳಿದಿಲ್ಲ, ಆದರೂ ಅವರ ಸಾಲಿನಲ್ಲಿ ಭುಜಕ್ಕೆ ಭುಜ ಹಚ್ಚಿ ನಿಂತು ಎಲ್ಲರ ನಮಾಜು ಕೆಡಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಆ ಬೇಸಿಗೆಯಲ್ಲಿ ನಮಾಜನ್ನೇ ಬಿಟ್ಟುಬಿಡುವುದೆಂದು ನಿಶ್ಚಯ ಮಾಡಿ, ಅವ್ವನಿಗೆ ಹೇಳಿಯೂ ಬಿಟ್ಟೆ.

ಅವ್ವ ಹೌಹಾರಿದಳು. ಊರ ಹೊರಗೊಬ್ಬ ತಾಯತ ಕಟ್ಟುವ ಬಾಬಾ ಇದ್ದ, ಅವನ ಹತ್ತಿರ ಎಳೆದುಕೊಂಡು ಹೋದಳು. ಅವನು ಎಲೆ ಅಡಿಕೆ ಜಗಿಯುತ್ತಲೇ ನನ್ನ ಕಣ್ಣ ರೆಪ್ಪೆ ಎತ್ತಿ ನೋಡಿ, "ಜಿನ್ ಹೊಕ್ಕೈತಿ" ಅಂದ. ಏನೋ ಗುನುಗಿ ಬಟ್ಟಲ ನೀರಿಗೆ ಉಫ್ ಎಂದು ಊದಿದ. ನೀರಿನಲ್ಲಿ ಅಡಿಕೆಯ ಚೂರು ತೇಲಿತು, ಸುತ್ತ ಕೆಂಪು ಹರಡಿತು. "ಹೂಂ, ಕುಡಿ. ಒಂದ ಗುಟುಕಿಗೆ." ಕುಡಿದೆ... ಮನೆ ಮುಟ್ಟುವ ಮೊದಲೇ ಬೇವಿನ ಗಿಡದ ಬುಡದಲ್ಲಿ ಕರುಳು ಕಿತ್ತು ಬರುವ ಹಾಗೆ ಕಾರಿದೆ. ಅವ್ವ ನನ್ನ ಬೆನ್ನು ಸವರುತ್ತ, "ಬಂತು ನೋಡು, ಸೈತಾನ ಹೊರಗ ಬಂತು!" ಎಂದು ಖುಷಿಯಿಂದ ಅತ್ತಳು. ಮರುದಿನ ನಸುಕಿಗೆ ಬೈಗುಳಗಳು ಮತ್ತೆ ಹಾಜರು.

ಅವ್ವನ ಕಣ್ಣೀರಿಗೆ ಹೆದರಿ ಮಸೀದಿಗೆ ಹೋಗುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಬಾವಿ ತಳ ಕಂಡಿತು. ಅಜ್ಜ ಹೌಜಿಗೆ ಯಾರೂ ಕೈ ಹಾಕದಂತೆ ಕಾವಲು ಕೂತು, ತಲೆಗೊಂದೇ ತಂಬಿಗೆ ನೀರು ಎಂದು ಅಳೆದು ಕೊಡತೊಡಗಿದ. ನಾನು ಎರಡನೆಯದಕ್ಕೆ ಕೈ ಚಾಚಿದೆ.

"ಸಾಕು, ಏಳು."

"ಇನ್ನೂ ಮೊಣಕೈ ತೊಯ್ದಿಲ್ರಿ ಅಜ್ಜಾರ."

"ತೊಯ್ದೈತಿ. ನಾ ನೋಡೇನಿ."

"ನನಗ ಖಾತ್ರಿ ಇಲ್ರಿ."

"ನಿನ್ನ ಖಾತ್ರಿ ಸಲುವಾಗಿ ನಾ ನೀರ ಸೇದಬೇಕೇನ್ಲೇ? ನನ್ನ ರಟ್ಟಿ ನೋಡು, ಬಿದ್ದ ಹೋಗ್ಯಾವ. ಒಂದ ತಂಬಿಗ್ಯಾಗ ಆದಷ್ಟ ಆತು, ಉಳದದ್ದು ಅಲ್ಲಾ ನೋಡ್ಕೋತಾನ. ಏಳೇಳು!"

ಅದರಲ್ಲಿ ಬೋಧನೆ ಗೀಧನೆ ಏನೂ ಇರಲಿಲ್ಲ, ಸೇದಿ ಸೇದಿ ಸಾಕಾದ ಮುದುಕನ ಸಿಟ್ಟು ಅಷ್ಟೇ. ನನಗೋ ಮೈ ಉರಿಯಿತು. ಒಣಗಿದ ಮೊಣಕೈ ಹೊತ್ತುಕೊಂಡು ನಮಾಜಿಗೆ ನಿಂತೆ. ಇಡೀ ನಮಾಜು ಆ ಮೊಣಕೈಯದೇ ಆಯಿತು.

ಮುಂದಿನ ಶುಕ್ರವಾರ ಮಾಡಿದ್ದನ್ನಂತೂ ಹೇಳಲೇಬೇಕು. ಜುಮ್ಮಾದ ನಮಾಜಿಗೆ ಅಂಗಳ ತುಂಬಾ ಮಂದಿ. ನಾನು ಪಾಯಖಾನೆಗೆ ಹೋಗಿ ಬಂದು, ಅನುಮಾನ ಬಂದು, ಮತ್ತೆ ಹೋಗಿ ಬಂದು, ಪಾಯಜಾಮೆಯ ಮುಂಭಾಗ ಬಗ್ಗಿ ಬಗ್ಗಿ ನೋಡಿಕೊಳ್ಳುತ್ತ ನಿಂತಿದ್ದೆ. ಅಜ್ಜ ಮೂಗೊರೆಸಿಕೊಂಡ. ಅದೇ ಕೈಯನ್ನು ಹೌಜಿಗೆ ಅದ್ದಿ, ಒಂದು ಬೊಗಸೆ ನೀರು ನನ್ನ ಪಾಯಜಾಮೆಗೆ, ಆ ಜಾಗಕ್ಕೇ, ರಪ್ಪನೆ ಎರಚಿದ!

"ತೊಯ್ತಿಲ್ಲೋ? ಇನ್ನ ಹಸಿ ಅನಸಿದ್ರ ಈ ಬಾಂಗಿ ಮುದಕ ಗೊಜ್ಜಿದ ನೀರು ಅನ್ನು. ನಡಿ ಒಳಗ!"

ಅಂಗಳವೆಲ್ಲ ಗೊಳ್ಳೆಂದಿತು. ಮೂಗೊರೆಸಿದ ಆ ಕೈ, ಪಾಚಿಯ ಆ ನೀರು, ನನ್ನ ಮೈಮೇಲೆ! ಅವನ ಗಡ್ಡ ಹಿಡಿದು ಜಗ್ಗಬೇಕೆನಿಸಿತು. ಅಷ್ಟರಲ್ಲಿ ಸಾಲು ಕಟ್ಟಿದ್ದರಿಂದ ಹಲ್ಲು ಕಚ್ಚಿ ಒಳಗೆ ಹೋಗಿ ನಿಂತೆ. ಒದ್ದೆ ಬಟ್ಟೆ ತೊಡೆಗೆ ತಣ್ಣಗೆ ಅಂಟಿತ್ತು. ಹನಿ ಬಿತ್ತೇ ಎಂದು ಅನುಮಾನ ತಲೆ ಎತ್ತಿತು. ಬಿತ್ತು ಮಾರಾಯ, ಬೊಗಸೆಗಟ್ಟಲೆ ಬಿತ್ತು, ಮುದುಕ ಎರಚಿದ್ದು, ಅಂದೆ. ಮುಂದೇನು ಕೇಳುವುದೋ ಅದಕ್ಕೆ ತಿಳಿಯಲಿಲ್ಲ. ಎಷ್ಟೋ ತಿಂಗಳ ನಂತರ ಒಂದು ನಮಾಜು ಅರ್ಧಕ್ಕೆ ಮುರಿಯದೆ ಮುಗಿಯಿತು. ಹೀಗೆ ನೀರು ಚಿಮುಕಿಸಿಕೊಂಡು ಅನುಮಾನ ಕಳೆದುಕೊಳ್ಳುವುದು ಹಿರಿಯರ ಕಾಲದಿಂದ ಬಂದ ರೂಢಿಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಮರುದಿನದಿಂದ ನಾನೇ ಚಿಮುಕಿಸಿಕೊಳ್ಳತೊಡಗಿದೆ. ಶುದ್ಧ ನೀರು, ನನ್ನದೇ ಕೈ.

ಬಟ್ಟೆಯ ಅನುಮಾನಕ್ಕೆ ನೀರು ಸಿಕ್ಕಿತು. ತಲೆಯೊಳಗಿನದಕ್ಕೆ? ಒಂದು ಸಂಜೆ, ರೈಲ್ವೆ ವರ್ಕಶಾಪಿನ ಭೋಂಗಾ ಊದಿ ಮಂದಿ ಮನೆಗೆ ಹೊರಟ ಹೊತ್ತು, ಅಜ್ಜ ಬಾವಿಕಟ್ಟೆಯ ಮೇಲೆ ಹರಿದ ಹಗ್ಗಕ್ಕೆ ಗಂಟು ಹಾಕುತ್ತ ಕೂತಿದ್ದ. ಬೇರೆ ಯಾರಿಗೂ ಹೇಳಲಾಗದ್ದನ್ನು ಅವನಿಗೆ ಹೇಳಿದೆ. ಅವನ ಬಗ್ಗೆ ನನಗೆ ಮರ್ಯಾದೆ ಇರಲಿಲ್ಲ, ಅವನ ಮುಂದೆ ಹೋಗುವ ಮಾನವೂ ಇರಲಿಲ್ಲ, ಅದಕ್ಕೇ ಇರಬೇಕು. ಸಜ್ದಾದಲ್ಲಿ ಹೊಲಸು ಮಾತು ಬರುತ್ತವೆ, ದೇವರು ಇದ್ದಾನೋ ಇಲ್ಲವೋ ಎನಿಸುತ್ತದೆ ಎಂದೆ. ಅವನು ತಲೆ ಎತ್ತಲಿಲ್ಲ.

"ನನಗೂ ಬರ್ತಾವ."

"ಏನಂದ್ರಿ?"

"ಬಾಂಗ್ ಕೊಡಾಕ ನಿಂತ್ರ ಒಳಗೊಬ್ಬ ಕೇಳ್ತಾನ. ಯಾರನ್ನ ಕರಿಯಾಕತ್ತೀಯೋ ಮುದಕಾ, ಅಲ್ಲೆ ಯಾರೂ ಇಲ್ಲಲ್ಲೋ, ಅಂತಾನ. ನನ್ನ ಮಕ್ಕಳನ್ನ ಮಣ್ಣ ಮಾಡಿ ಬಂದ ದಿನದಿಂದ ಕೇಳಾಕತ್ಯಾನ."

ನನಗೆ ಅಸಹ್ಯವಾಯಿತು. ಇವನ ಬಾಂಗು ಕೇಳಿ ನಾನು ನಸುಕಿನಲ್ಲಿ ಹಾಸಿಗೆ ಬಿಟ್ಟು ಏಳುತ್ತಿದ್ದೆನೇ! "ಮತ್ತ ಏನ್ ಮಾಡ್ತೀರಿ?" ಎಂದೆ.

"ಏನ್ ಮಾಡೂದು? ಬಾಂಗ್ ಕೊಡ್ತೀನಿ. ಮಂದಿ ಕಾಯ್ತಿರ್ತಾರ."

ತಪಕೀರಿನ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದ. ನಾನು ಮುಖ ಸಿಂಡರಿಸಿದ್ದನ್ನು ನೋಡಿ ನಕ್ಕ.

"ನನ್ನ ಕಂಡ್ರ ನಿನಗ ಹೇಸಿಕಿ ಹೌದಿಲ್ಲೋ? ಇರ್ಲಿ ಬಿಡು. ಆ ಹೊಲಸ ವಿಚಾರ ಬಂದಾಗ ಏನಾಗ್ತೈತಿ, ಅದನ್ನ ಹೇಳು."

"ಹೇಸಿಕಿನ ಆಗ್ತೈತ್ರಿ. ವಾಂತಿ ಬಂದಂಗ."

"ಹಂಗಾರ ನಿಂದಲ್ಲ ಅದು. ನಿಂದಾಗಿದ್ರ ಮುದ್ದ ಮಾಡಿ ಇಟ್ಕೋತಿದ್ದಿ. ಹೇಸಿಕಿ ಬರ್ತೈತಲ್ಲಾ, ಆ ಹೇಸಿಕಿ ಐತಿ ನೋಡು, ಅದು ನಿಂದು. ಅದನ್ನ ಗಟ್ಟಿ ಹಿಡಿ. ಬೊಗಳೂದು ಬೊಗಳ್ಲಿ, ನೀ ನಮಾಜ್ ಮುಗಸು."

ಅಷ್ಟು ಹೇಳಿ ಕೊಡವನ್ನು ಬಾವಿಗೆ ಬಿಟ್ಟ. ಮಾತು ಬೆಳೆಸುವ ಅಭ್ಯಾಸ ಅವನಿಗಿರಲಿಲ್ಲ.

ನನ್ನ ಅನುಮಾನ ಅಂದೇ ಓಡಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅದು ಬಂತು, ಬರುತ್ತಲೇ ಇತ್ತು. ಅದು ಬಂದರೂ ನಾನು ನಮಾಜು ಬಿಡಲಿಲ್ಲ, ಅಷ್ಟೇ. ಬೈಗುಳ ಬಂದಾಗ ಹೇಸಿಗೆಯೂ ಬರುತ್ತಿತ್ತು. ಇದು ನನ್ನದು, ಅಂದುಕೊಂಡು ಹಣೆ ನೆಲಕ್ಕಿಡುತ್ತಿದ್ದೆ. ಅಜ್ಜನ ಮೇಲಿನ ಹೇಸಿಗೆಯೂ ಹೋಗಲಿಲ್ಲ. ಹತ್ತಿರ ಕೂಡುವುದನ್ನು ಕಲಿತೆ, ಗಾಳಿ ಬರುವ ದಿಕ್ಕು ನೋಡಿಕೊಂಡು.

ಅವನು ಹೋದದ್ದು ಯುದ್ಧದ ಕಾಲದಲ್ಲಿ. ಬಟ್ಟೆಗೆ ಕಂಟ್ರೋಲು, ಹೆಣಕ್ಕೆ ಸುತ್ತುವ ಕಫನಿಗೆ ಬಟ್ಟೆ ಹೊಂದಿಸುವುದೇ ದೊಡ್ಡ ಪಡಿಪಾಟಲು. ಮಧ್ಯಾಹ್ನದ ಬಾಂಗು ಕೇಳದಿದ್ದಾಗಲೇ ಓಣಿಯವರಿಗೆ ಗೊತ್ತಾಯಿತು. ಹೆಣ ತೊಳೆಯಬೇಕು. ಇಸಬಿನ ಕಾಲು ಬಾತು ಕೀವು ಸೋರುತ್ತಿತ್ತು, ಕೋಣೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಷ್ಟು ವರ್ಷ ಅವನು ಸೇದಿದ ನೀರಿನಲ್ಲಿ ಕೈಕಾಲು ತೊಳೆದ ಹಿರಿಯರು ಅಂಗಳದಲ್ಲಿ ಮೂಗಿಗೆ ಅತ್ತರಿನ ವಸ್ತ್ರ ಹಿಡಿದು, ನೀ ಹೋಗು, ನೀ ಹೋಗು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಅತ್ತರಿನಿಂದ ಆದಷ್ಟು ಹೇಸಿಗೆ ನನಗೆ ಆ ಕೀವಿನಿಂದಲೂ ಆಗಲಿಲ್ಲ. ತೋಳು ಏರಿಸಿ ಒಳಗೆ ಹೋದೆ. ಅಪ್ಪ ಹಿಂದೆ ಬಂದು ನೀರು ಹಾಕಿದ.

ವಾಕರಿಕೆ ಬಂತು. ಬೊಗಳೂದು ಬೊಗಳ್ಲಿ, ಅಂದುಕೊಂಡೆ. ಒಂದು ಸಲ ತೊಳೆದೆವು, ಎರಡು ಸಲ, ಕರ್ಪೂರ ಬೆರೆಸಿದ ನೀರಿನಲ್ಲಿ ಮೂರನೆಯ ಸಲ. ಕಾಲ್ಬೆರಳ ಸಂದಿಯಲ್ಲಿ ಇನ್ನೂ ಏನೋ ಉಳಿದಂತೆ ಕಂಡಿತು. ಉಳಿದಿದೆಯೇ? ಇಲ್ಲವೇ? ನನ್ನ ಕೈ ನಾಲ್ಕನೆಯ ತಂಬಿಗೆಗೆ ಹೋಯಿತು. ಅಲ್ಲಿಯೇ ತಡೆಯಿತು. ಅಜ್ಜ ಎದ್ದಿದ್ದರೆ ಬೈಯುತ್ತಿದ್ದ. ಅಪ್ಪ ನನ್ನ ಮುಖ ನೋಡಿದ. ಸಾಕು, ಎಂದೆ. ಕಫನು ಸುತ್ತಿದೆವು...

ಟಾಕಿ ಈಗ ಸ್ವಚ್ಛವಾಗಿದೆ. ಗೋಕುಲ ರಸ್ತೆಯ ಈ ಮನೆಯಲ್ಲಿ ನಳ ತಿರುವಿದರೆ ನೀರು ನಿಲ್ಲುವುದೇ ಇಲ್ಲ. ಅದಕ್ಕೇ ನಳದ ಕೆಳಗೆ ಒಂದು ತಂಬಿಗೆ ಇಟ್ಟುಕೊಂಡಿದ್ದೇನೆ. ತುಂಬಿದ ಕೂಡಲೇ ನಳ ಬಂದ್ ಮಾಡುತ್ತೇನೆ, ಅಷ್ಟರಲ್ಲೇ ವಜೂ ಮುಗಿಸುತ್ತೇನೆ. ಮುದುಕನ ಹುಚ್ಚು ಎಂದು ಮೊಮ್ಮಕ್ಕಳು ನಗುತ್ತಾರೆ. ಹಳೆಯ ಅನುಮಾನಗಳು ಈಗಲೂ ಬರುತ್ತವೆ, ನನ್ನ ಹಾಗೆಯೇ ಹಲ್ಲು ಬಿದ್ದಿವೆ ಅಷ್ಟೇ. ಒಂದಕ್ಕೆ ಮಾತ್ರ ಇನ್ನೂ ಹಲ್ಲಿದೆ. ಆ ಕಾಲ್ಬೆರಳ ಸಂದಿ ಸ್ವಚ್ಛವಾಗಿತ್ತೋ ಇಲ್ಲವೋ. ಇನ್ನೊಂದು ತಂಬಿಗೆ ಹಾಕಬೇಕಿತ್ತೋ ಏನೋ. "ತೊಯ್ದೈತಿ, ನಾ ನೋಡೇನಿ" ಅನ್ನುವವನು ಅವನೊಬ್ಬನೇ ಇದ್ದ.