ಟೈಪಿಂಗ್ ಮಿಸ್ ತಂದ ಘೋಷಣೆ

ಹೋದ ತಿಂಗಳು ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿ ಒಬ್ಬ ಯುವಕನ ಬಿಗಿದ ಮುಷ್ಟಿಯೊಳಗೆ ಬೀಗದಕೈ ಗೊಂಚಲೊಂದನ್ನು ಕಂಡೆ. ಅವನು ಟಿಕೆಟ್ ಕೌಂಟರಿನ ಮುಂದೆ ಬಿದ್ದಿದ್ದ. ಕೈಕಾಲು ಸೆಟೆದುಕೊಂಡು ಅದುರುತ್ತಿದ್ದವು, ಬಾಯಲ್ಲಿ ನೊರೆ. ಸುತ್ತ ನಿಂತವರಲ್ಲಿ ಯಾರೋ ತಮ್ಮ ಸ್ಕೂಟರಿನ ಕೀಗಳನ್ನೇ ಅವನ ಕೈಗೆ ತುರುಕಿದ್ದರು. ಒಂದು ಕೀ ಅಂಗೈಗೆ ಚುಚ್ಚಿ ರಕ್ತ ಬರುತ್ತಿತ್ತು. ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು.

ನಾನು ಕಷ್ಟಪಟ್ಟು ನೆಲದ ಮೇಲೆ ಕೂತೆ. ಮುಷ್ಟಿ ಸಡಿಲವಾದ ಕೂಡಲೇ ಗೊಂಚಲು ತೆಗೆದು ಪಕ್ಕಕ್ಕಿಟ್ಟೆ. ನನ್ನ ಬಟ್ಟೆ ಚೀಲವನ್ನು ಅವನ ತಲೆಯಡಿಗೆ ಸೇರಿಸಿ, ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಸುಮ್ಮನೆ ಕಾದೆ. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ.

"ಆಂಟಿ, ನೀವು ಡಾಕ್ಟ್ರಾ?" ಎಂದು ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು.

"ಅಲ್ಲಮ್ಮ, ಬ್ಯಾಂಕಲ್ಲಿದ್ದೆ. ಇದನ್ನ ನಮ್ಮ ಟೈಪಿಂಗ್ ಮಿಸ್ ಹೇಳಿಕೊಟ್ಟಿದ್ರು" ಎಂದೆ. ಅವಳಿಗೆ ಏನು ಅರ್ಥವಾಯಿತೋ... ತಲೆಯಾಡಿಸಿ ಹೊರಟುಹೋದಳು.

ಎಂಬತ್ತರ ದಶಕದ ನಡುವಿನ ವರ್ಷಗಳು. ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಹಿಟ್ಟಿನ ಮಿಲ್ಲಿತ್ತು. ಅದರ ಮಹಡಿಯ ಮೇಲೆ ಮಿಸ್ಸಿನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕೆಳಗೆ ರಾಗಿ ಬೀಸುವ ಸದ್ದಿಗೆ ಮೇಲೆ ನೆಲವೆಲ್ಲ ನಡುಗುತ್ತಿತ್ತು. ಡಿಗ್ರಿ ಓದುವ ಹುಡುಗಿಯರು ಸಂಜೆ ಟೈಪಿಂಗ್ ಕಲಿಯದಿದ್ದರೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಕಾಲ ಅದು. ಮಿಸ್ಸಿಗೆ ಆಗ ಮೂವತ್ತು ದಾಟಿತ್ತೇನೋ. ತೆಳ್ಳಗಿನ ಮೈ, ಪಿನ್ನು ಹಾಕಿದ ಸೆರಗು, ಮೆಲುಮಾತು. "ಬೆರಳು ನೋಡ್ಬೇಡ ಕಣೇ, ಪೇಪರ್ ನೋಡು" ಎಂಬುದೊಂದೇ ಅವರ ಗದರಿಕೆ. ಸಂಜೆ ಕಾಫಿಯ ಹೊತ್ತಿಗೆ ಒಂದು ಮಾತ್ರೆ ನುಂಗುತ್ತಿದ್ದರು. ರಕ್ತ ಕಡಿಮೆ ಎನ್ನುತ್ತಿದ್ದರು. ನಾವು ನಂಬಿದ್ದೆವು.

ಬೀದಿಯ ಮೂಲೆಯಲ್ಲಿ ಹೂ ಮಾರುವ ಹೆಂಗಸೊಬ್ಬರಿದ್ದರು. ಅವರ ಮಗಳಿಗೆ ನನ್ನದೇ ವಯಸ್ಸು. ಮೂರ್ನಾಲ್ಕು ಮನೆಗಳಿಗೆ ನೀರು ಸೇದಿ ಕೊಡುತ್ತಿದ್ದಳು. ಅವಳಿಗೆ ಫಿಟ್ಸ್ ಬರುತ್ತದೆಂದು ಬೀದಿಗೆಲ್ಲ ಗೊತ್ತಿತ್ತು. ಗಾಳಿ ಸೋಕಿದೆಯೆಂದು ನಾಯಂಡಹಳ್ಳಿಯಿಂದ ಆಚೆ ಯಾರದೋ ಬಳಿ ಕರೆದೊಯ್ದು ಹಣೆಗೆ ಬರೆ ಹಾಕಿಸಿದ್ದರು. ಆ ಗುರುತು ಕುಂಕುಮದ ಕೆಳಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅವಳು ಮೂಲೆ ಮನೆಯ ಸಂಪಿನಿಂದ ನೀರು ಸೇದುತ್ತಿದ್ದಾಗ ಫಿಟ್ಸ್ ಬಂದು ಒಳಗೆ ಬಿದ್ದಳು. ಕಾಲೇಜಿಗೆ ರಜೆಯಿದ್ದುದರಿಂದ ಆಗಲೇ ಟೈಪಿಂಗಿಗೆ ಬಂದಿದ್ದ ನಾವು ಗದ್ದಲ ಕೇಳಿ ಕಿಟಕಿಗೆ ಬಂದೆವು. ಸಂಪಿನ ಸುತ್ತ ಜನ ನಿಂತಿದ್ದರು. ದೊಡ್ಡ ದೊಡ್ಡ ಗಂಡಸರು. ಯಾರೂ ಇಳಿಯಲಿಲ್ಲ. "ಮುಟ್ಟಬೇಡಿ, ಮುಟ್ಟಿದೋರಿಗೆ ಬರುತ್ತೆ" ಎಂದು ಒಬ್ಬರು ತಡೆಯುತ್ತಿದ್ದರು. ಇನ್ನೊಬ್ಬರು ಕಬ್ಬಿಣದ ಸಲಾಕೆ ತರಲು ಒಳಗೆ ಓಡಿದರು, ಅವಳ ಕೈಗೆ ಹಿಡಿಸಲು.

ಮಿಸ್ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದರು. ಮಿಲ್ಲಿನಲ್ಲಿ ಹಿಟ್ಟು ತೂಗುತ್ತಿದ್ದವನ ರಟ್ಟೆ ಹಿಡಿದು ಎಳೆದುಕೊಂಡೇ ಹೋದರು. ಅವನು ಮೈಯೆಲ್ಲ ಹಿಟ್ಟಿನಲ್ಲೇ ಸಂಪಿಗೆ ಇಳಿದು ಅವಳನ್ನು ಎತ್ತಿದ. ಅವನು ನಿಂತಾಗ ನೀರು ಎದೆಮಟ್ಟ ಇತ್ತು. ಎದೆಮಟ್ಟ, ಅಷ್ಟೆ. ಹುಡುಗಿ ಹೋಗಿಬಿಟ್ಟಿದ್ದಳು. ಸಲಾಕೆ ತಂದವರು ಅದನ್ನು ಹಿಡಿದುಕೊಂಡೇ ನಿಂತಿದ್ದರು...

ಆ ಸಂಜೆ ಕ್ಲಾಸು ನಡೆಯಲಿಲ್ಲ. ಮಿಸ್ ಮುಚ್ಚಿದ ಟೈಪ್‌ರೈಟರಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ನಾನು ಹೋಗಿ ಬರುತ್ತೇನೆಂದಾಗ ತಲೆಯೆತ್ತಿದರು.

"ಅವಳು ಫಿಟ್ಸ್‌ನಿಂದ ಸಾಯ್ಲಿಲ್ಲ ಕಣೇ. ಸುತ್ತ ನಿಂತಿದ್ರಲ್ಲ, ಅವರಿಂದ ಸತ್ಲು."

ಮಾರನೇ ವಾರ ಮಿಸ್ ಒಂದು ಕರಪತ್ರ ಮಾಡಿದರು. ಫಿಟ್ಸ್ ಅಂಟುವುದಿಲ್ಲ, ಬಿದ್ದವರನ್ನು ಮಗ್ಗುಲಾಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಬೇಡ, ಆಸ್ಪತ್ರೆಯಲ್ಲಿ ಔಷಧವಿದೆ. ಇಷ್ಟೇ. ತಾವೇ ಟೈಪ್ ಮಾಡಿ ಸ್ಟೆನ್ಸಿಲ್ ಕತ್ತರಿಸಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ನೂರಾರು ಪ್ರತಿ ತೆಗೆಸಿದರು. ಅವರ ಯಜಮಾನರು ಮೈದಾ ಗೋಂದು ಕಾಯಿಸಿ ಬಕೆಟ್ಟಿನಲ್ಲಿ ತಂದರು. ಅವರು ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದವರು, ನಗುಮುಖದವರು. ಆದರೆ ಅಂಟಿಸಲು ಗೋಡೆ ಸಿಗಲಿಲ್ಲ. ಶಾಲೆಯ ಹೆಡ್‌ಮಾಸ್ಟರು, "ಸರ್ಕಾರದ ಆರ್ಡರ್ ಇದೆಯೇನಮ್ಮ? ಇಲ್ದೆ ನಾನು ಹಾಕಕ್ಕಾಗಲ್ಲ" ಎಂದರು. ರೇಷನ್ ಅಂಗಡಿಯವರು, "ಇದನ್ನ ಅಂಟಿಸಿದ್ರೆ ನಮ್ಮನೇಲೇ ಯಾರಿಗೋ ಆ ಕಾಯಿಲೆ ಅನ್ಕೋತಾರೆ" ಎಂದರು.

"ಹಂಗಾದ್ರೆ ಸರ್ಕಾರದ್ದೇ ತರೋಣ" ಎಂದರು ಮಿಸ್. ಒಂದು ವಾರವನ್ನು ಮೂರ್ಛೆರೋಗ ತಿಳಿವಳಿಕೆ ವಾರವೆಂದು ಸರ್ಕಾರವೇ ಘೋಷಿಸಬೇಕು, ಆಗ ಯಾವ ಗೋಡೆಯೂ ಇಲ್ಲವೆನ್ನುವುದಿಲ್ಲ ಎಂಬುದು ಅವರ ಲೆಕ್ಕ.

ಜೊತೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಆರೋಗ್ಯ ಇಲಾಖೆಯ ಕಚೇರಿಯ ಉದ್ದನೆಯ ಕಾರಿಡಾರ್, ಕಟ್ಟುಗಟ್ಟಲೆ ಫೈಲುಗಳು, ಊಟದ ಡಬ್ಬಿಯ ಹುಳಿವಾಸನೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಎಷ್ಟು ಸಲ ಹೋದೆವೋ. ಕೊನೆಗೆ ನಮ್ಮ ಅರ್ಜಿ ಒಬ್ಬ ವಯಸ್ಸಾದ ಅಧಿಕಾರಿಯ ಮುಂದೆ ಬಂತು. ಅವರು ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮದು ಯಾವ ಸಂಘ?"

"ಸಂಘ ಇಲ್ಲ ಸಾರ್."

"ಡಾಕ್ಟ್ರಾ?"

"ಅಲ್ಲ ಸಾರ್. ಟೈಪಿಂಗ್ ಹೇಳಿಕೊಡ್ತೀನಿ."

"ಮತ್ತೆ ನಿಮಗ್ಯಾಕಮ್ಮ ಇದರ ಉಸಾಬರಿ?"

ಮಿಸ್ ಏನೋ ಹೇಳಲು ಹೊರಟು ನುಂಗಿಕೊಂಡರು. ಆಮೇಲೆ, "ನಮ್ಮ ಬೀದೀಲಿ ಒಂದು ಹುಡುಗಿ ಸತ್ತೋದ್ಲು ಸಾರ್" ಎಂದು ಆ ಮಧ್ಯಾಹ್ನದ ಕಥೆ ಹೇಳಿದರು. ಅಧಿಕಾರಿ ಪೆನ್ನು ಕೆಳಗಿಟ್ಟರು. ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರಿಂದ ಕರಪತ್ರ ಸರಿಯಿದೆಯೆಂದು ಬರೆಸಿಕೊಂಡು ಬನ್ನಿ ಎಂದರು. ತಂದುಕೊಟ್ಟೆವು. ಘೋಷಣೆಯ ಕರಡಿನಲ್ಲಿ ಅಧಿಕಾರಿ 'ಅಪಸ್ಮಾರ' ಎಂದು ಬರೆಸಿದ್ದರು. ಮಿಸ್ ಒಪ್ಪಲಿಲ್ಲ. "ಆ ಪದ ನಮ್ಮ ಹೂವಿನಮ್ಮಂಗೆ ಗೊತ್ತಾಗಲ್ಲ ಸಾರ್. ಫಿಟ್ಸ್ ಅಂತಾನೂ ಹಾಕಿ." ಅಧಿಕಾರಿ ನಕ್ಕು ಸೇರಿಸಿದರು. ಮಳೆಗಾಲಕ್ಕೆ ಕೊಟ್ಟ ಅರ್ಜಿ, ಸಂಕ್ರಾಂತಿ ಕಳೆದ ಮೇಲೆ ಸರ್ಕಾರದ ಮುದ್ರೆಯೊಂದಿಗೆ ಘೋಷಣೆಯಾಗಿ ಕೈಗೆ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಮಿಸ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಿದ್ದರು. ಈ ರೋಗ ಶಾಪವಲ್ಲ, ರೋಗಿಗಳು ಎಲ್ಲರಂತೆ ಓದಿ, ದುಡಿದು, ಸಂಸಾರ ಮಾಡಿ ಬದುಕಬಲ್ಲರು ಎಂಬ ಅರ್ಥದ ಸಾಲೊಂದು ಅದರಲ್ಲಿತ್ತು.

ತಿಳಿವಳಿಕೆ ವಾರದ ಮೊದಲ ದಿನ ಅದೇ ಹೆಡ್‌ಮಾಸ್ಟರ ಶಾಲೆಯ ಅಂಗಳದಲ್ಲಿ ಸಭೆ. ಅಧಿಕಾರಿಯೇ ಬಂದು ಘೋಷಣೆ ಓದಿದರು. ಜನ ಸೇರಿದ್ದರು. ನಮ್ಮಮ್ಮ, ಬೀದಿಯವರು, ಟೈಪಿಂಗ್ ಹುಡುಗಿಯರು, ಮುಂದಿನ ಸಾಲಿನಲ್ಲಿ ಮಿಸ್ಸಿನ ಯಜಮಾನರು, ಅತ್ತೆ. ಪತ್ರಿಕೆಯವರೊಬ್ಬರೂ ಇದ್ದರು. ಓದಿ ಮುಗಿದಾಗ ಹಿಂದಿನಿಂದ ಒಬ್ಬರು ಎದ್ದು, "ಸಂಸಾರ ಮಾಡಬಹುದು ಅಂತ ಬರೆಯೋದು ಸುಲಭ ಸಾರ್. ಅಂಥೋರನ್ನ ಒಬ್ಬರನ್ನಾದ್ರೂ ತೋರಿಸಿ" ಎಂದರು. ಅಧಿಕಾರಿ ತಡವರಿಸಿದರು.

ಮಿಸ್ ಮೈಕಿನ ಮುಂದೆ ಬಂದರು. ನಮಗೆ ಪಾಠ ಹೇಳುವ ದನಿಯಲ್ಲೇ ಹೇಳಿದರು. "ನನಗೆ ಚಿಕ್ಕ ವಯಸ್ಸಿನಿಂದ ಫಿಟ್ಸ್ ಇದೆ. ಮಾತ್ರೆ ತಗೋತೀನಿ. ನೀವೆಲ್ಲ ನನ್ನನ್ನ ದಿನಾ ನೋಡ್ತಾನೇ ಇದೀರಿ."

ಕಾಫಿಯ ಜೊತೆಗಿನ ಆ ಮಾತ್ರೆ, ಸಂಪಿನತ್ತ ಓಡಿದ ಆ ಬರಿಗಾಲು, ಕಚೇರಿಯಲ್ಲಿ ನುಂಗಿಕೊಂಡ ಆ ಮಾತು... ಪಕ್ಕದಲ್ಲಿ ಅಮ್ಮ ನನ್ನ ಮೊಣಕೈ ಹಿಡಿದುಕೊಂಡರು, ಎದ್ದು ಹೋಗೋಣ ಎಂಬಂತೆ. ಆದರೆ ಏಳಲಿಲ್ಲ. ಮಿಸ್ಸಿನ ಅತ್ತೆ ಎದ್ದು ಹೋದರು. ಯಜಮಾನರು ಕೂತಲ್ಲೇ ತಲೆ ತಗ್ಗಿಸಿದ್ದರು.

ಆ ವಾರ ಕರಪತ್ರಗಳು ಎಲ್ಲ ಗೋಡೆಗಳ ಮೇಲೂ ಬಂದವು. ಶಾಲೆಯಲ್ಲಿ, ರೇಷನ್ ಅಂಗಡಿಯಲ್ಲಿ, ಬಸವೇಶ್ವರನಗರದ ಬಸ್ ಸ್ಟಾಪಿನಲ್ಲಿ, ಮಹಾಲಕ್ಷ್ಮಿ ಲೇಔಟಿನ ಹಾಲಿನ ಬೂತುಗಳಲ್ಲಿ. ಪತ್ರಿಕೆಯಲ್ಲಿ ಮಿಸ್ಸಿನ ಮಾತೂ ಫೋಟೋವೂ ಬಂದವು. ಅದೇ ವಾರ ಇನ್‌ಸ್ಟಿಟ್ಯೂಟಿನಲ್ಲಿ ಅರ್ಧ ಮಿಷನ್ನುಗಳು ಮುಸುಕು ತೆಗೆಯದೆ ಉಳಿದವು. ಅಪ್ಪ ಅಮ್ಮಂದಿರು ಮಕ್ಕಳನ್ನು ಬಿಡಿಸಿದ್ದರು.

ಇದನ್ನಾದರೂ ಮಿಸ್ ಊಹಿಸಿದ್ದರೋ ಏನೋ. ಊಹಿಸದೇ ಇದ್ದದ್ದು ಯುಗಾದಿ ಆದ ಮೇಲೆ ಬಂದ ಕೋರ್ಟಿನ ನೋಟೀಸು. ಅವರ ಯಜಮಾನರು ಮದುವೆಯನ್ನೇ ರದ್ದು ಮಾಡಬೇಕೆಂದು ಕೇಳಿದ್ದರು. ಪುರಾವೆಯಾಗಿ ಇಟ್ಟಿದ್ದು ಪತ್ರಿಕೆಯ ಆ ಸುದ್ದಿಯನ್ನು.

ನಾನು ನಂಬಲಿಲ್ಲ. ಗೋಂದಿನ ಬಕೆಟ್ ಹೊತ್ತು ನಮ್ಮ ಜೊತೆ ಬೀದಿ ಬೀದಿ ತಿರುಗಿದ ಮನುಷ್ಯ. ಒಂದು ದಿನ ಅವರು ಮಿಲ್ಲಿನ ಮೆಟ್ಟಿಲ ಬಳಿ ಸಿಕ್ಕಾಗ ಕೇಳಿಯೇಬಿಟ್ಟೆ.

"ನಿಮಗೆ ಮೊದಲೇ ಗೊತ್ತಿರಲಿಲ್ವಾ ಅಣ್ಣ?"

"ಗೊತ್ತಿತ್ತಮ್ಮ. ಮದುವೆಗೆ ಮುಂಚೆನೇ ಹೇಳಿದ್ಲು. ನಾನೇ ಪರವಾಗಿಲ್ಲ ಅಂದಿದ್ದೆ." ಅವರು ಗೋಡೆಯತ್ತ ನೋಡುತ್ತಿದ್ದರು. "ನಮ್ಮಮ್ಮಂಗೆ ಗೊತ್ತಿರಲಿಲ್ಲ. ಈಗ ಊರಿಗೆಲ್ಲ ಗೊತ್ತಾಯ್ತು. ನನ್ನ ತಂಗೀನ ನೋಡಕ್ಕೆ ಬಂದೋರು ವಾಪಸ್ ಹೋದ್ರು. ಅವಳ ಮದುವೆ ಆಗ್ಬೇಕಲ್ಲಮ್ಮ."

ಮಿಸ್ಸಿನ ವಕೀಲರು ಕಾನೂನು ವಿವರಿಸಿದಾಗ ನಾನೂ ಅಲ್ಲಿದ್ದೆ. ಆಗಿನ ಮದುವೆ ಕಾನೂನಿನಲ್ಲಿ ಹುಚ್ಚಿನ ಪಕ್ಕದಲ್ಲೇ ಈ ರೋಗದ ಹೆಸರೂ ಇತ್ತು. ಪದೇ ಪದೇ ಫಿಟ್ಸ್ ಬರುವವರು ಮದುವೆಗೆ ಅರ್ಹರಲ್ಲ, ಆದ ಮದುವೆಯನ್ನೂ ಕೋರ್ಟು ರದ್ದು ಮಾಡಬಹುದು. ಸಂಸಾರ ಮಾಡಬಲ್ಲರು ಎಂದು ಮುದ್ರೆ ಒತ್ತಿ ಸಾರಿದ್ದು ಒಂದು ಸರ್ಕಾರ, ಮಾಡಕೂಡದು ಎಂದು ಬರೆದಿಟ್ಟದ್ದೂ ಸರ್ಕಾರವೇ.

"ಆ ಪೇಪರ್ ಬಿಟ್ಟು ಅವರ ಹತ್ರ ಬೇರೆ ಪುರಾವೆ ಇಲ್ಲ" ಎಂದರು ವಕೀಲರು. "ಜಡ್ಜ್ ಕೇಳಿದಾಗ, ಜನಕ್ಕೆ ಧೈರ್ಯ ಬರ್ಲಿ ಅಂತ ಹಂಗೆ ಹೇಳಿದೆ, ನನಗೆ ಕಾಯಿಲೆ ಇಲ್ಲ ಅಂದ್ಬಿಡಿ. ಕೇಸು ನಿಲ್ಲಲ್ಲ."

ಮಿಸ್ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದರು.

ವಿಚಾರಣೆಯ ದಿನ ನಮ್ಮನ್ನು ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ನಾನೂ ಅಮ್ಮನೂ ಕೂತಿದ್ದೆವು. ಹೌದು, ಅಮ್ಮ ಬಂದಿದ್ದರು. ಬರುತ್ತೇನೆಂದು ಅವರೇ ಹೊರಟಿದ್ದರು. ಮೊದಲು ಹೊರಗೆ ಬಂದವರು ವಕೀಲರು. ಹಣೆ ಚಚ್ಚಿಕೊಂಡರು.

"ಒಂದು 'ಇಲ್ಲ' ಅಂದಿದ್ರೆ ಸಾಕಿತ್ತಮ್ಮ. 'ಇದೆ, ಮದುವೆಗೆ ಮುಂಚೆಯಿಂದಾನೂ ಇತ್ತು' ಅಂದ್ಬಿಟ್ರು."

ಹಿಂದೆಯೇ ಮಿಸ್ ಬಂದರು. ಅಮ್ಮ ಎದ್ದು ಅವರ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. "ಯಾಕಮ್ಮ ಹಿಂಗೆ ಮಾಡ್ಕೊಂಡೆ?" ಎಂದರು.

"ಇಲ್ಲ ಅಂದಿದ್ರೆ ಆ ವಾರ ಎಲ್ಲಾ ಸುಳ್ಳಾಗ್ತಿತ್ತಲ್ಲ ಆಂಟಿ" ಎಂದರು ಮಿಸ್. ಆಮೇಲೆ ಅಮ್ಮನ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮದುವೆ ರದ್ದಾಯಿತು. ವಿಚ್ಛೇದನವಲ್ಲ, ರದ್ದು. ಅಷ್ಟು ವರ್ಷ ಒಟ್ಟಿಗೆ ಬಾಳಿದ ಮದುವೆ ಕಾಗದದ ಮೇಲೆ ಆಗಿಯೇ ಇರಲಿಲ್ಲ.

ಮಿಸ್ ಮಿಲ್ಲಿನ ಮಹಡಿಯಲ್ಲೇ ಉಳಿದರು. ಮಿಲ್ಲಿನ ಮಾಲೀಕರು ಜಾಗ ಬಿಡಿ ಎನ್ನಲಿಲ್ಲ. ಬಿಟ್ಟುಹೋದ ಹುಡುಗಿಯರಲ್ಲಿ ಕೆಲವರು ಪರೀಕ್ಷೆ ಹತ್ತಿರ ಬಂದಾಗ ಮೆಲ್ಲಗೆ ವಾಪಸಾದರು. ಘೋಷಣೆ ಆ ಒಂದು ವರ್ಷಕ್ಕೆ ಮಾತ್ರ. ಮಾರನೇ ಮಳೆಗಾಲಕ್ಕೆ ಮಿಸ್ ಮತ್ತೆ ಅರ್ಜಿ ಹಿಡಿದು ಹೊರಟರು. ಆ ವಯಸ್ಸಾದ ಅಧಿಕಾರಿ ನಿವೃತ್ತರಾಗಿದ್ದರು. ಹೊಸಬರು ಮೊದಲಿನಿಂದ ಕೇಳಿದರು, ನಿಮಗ್ಯಾಕೆ ಇದು ಎಂದು. ಈ ಸಲ ಮಿಸ್ ನುಂಗಿಕೊಳ್ಳಲಿಲ್ಲ.

ನನಗೆ ಬ್ಯಾಂಕಿನ ಕೆಲಸ ಸಿಕ್ಕಿತು, ಮದುವೆಯಾಯಿತು, ಊರೂರು ವರ್ಗವಾಯಿತು. ಕೊನೆಕೊನೆಗೆ ಮಿಸ್ ಕೆಂಗೇರಿಯಲ್ಲಿ ತಮ್ಮನ ಮನೆಯಲ್ಲಿದ್ದರಂತೆ. ತೊಂಬತ್ತರ ದಶಕದಲ್ಲಿ ಒಮ್ಮೆ ಬೆಂಗಳೂರಿಗೆ ಬಂದಾಗ ಹಳೆಯ ಗೆಳತಿಯೊಬ್ಬಳು, "ನಮ್ಮ ಮಿಸ್ ಹೋಗ್ಬಿಟ್ರು ಕಣೇ, ಫಿಟ್ಸ್ ಬಂದು" ಎಂದಳು. ಕೆಂಗೇರಿಗೆ ಹೋದೆ. ತಮ್ಮನ ಹತ್ತಿರ ಕೇಳಿದರೆ, "ಇಲ್ಲ ಮೇಡಂ, ಕಾಮಾಲೆ ಆಗಿತ್ತು. ಎಲ್ರೂ ಫಿಟ್ಸ್ ಅಂತಾನೇ ಹೇಳ್ಕೊಂಡು ಬಂದಿದಾರೆ. ಎಷ್ಟು ಜನಕ್ಕೆ ಅಂತ ಹೇಳೋದು" ಎಂದರು. ಬಾಗಿಲಲ್ಲೇ ಎಷ್ಟೋ ಹೊತ್ತು ನಿಂತಿದ್ದೆ.

ಆ ದಶಕ ಮುಗಿಯುವ ಹೊತ್ತಿಗೆ ಕಾನೂನಿನಿಂದ ಆ ರೋಗದ ಹೆಸರನ್ನು ತೆಗೆದರೆಂದು ಪತ್ರಿಕೆಯಲ್ಲಿ ಓದಿದೆ. ಒಳಪುಟದ ಸಣ್ಣ ಸುದ್ದಿ. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕೇಳಿ, "ಅವಳಿಗೆ ಒಂದು ಕಾಗದ ಬರಿ" ಎಂದೇಬಿಟ್ಟರು. ಆಮೇಲೆ ಅವರಿಗೇ ನೆನಪಾಯಿತು.

ಈಗ ಅಮ್ಮನೂ ಇಲ್ಲ. ಮೆಟ್ರೋದಲ್ಲಿ ಬಿದ್ದಿದ್ದ ಯುವಕ ಎದ್ದು ಕೂತ ಮೇಲೆ, ಯಾರಿಗಾದರೂ ಫೋನ್ ಮಾಡಲೇ ಎಂದು ಕೇಳಿದ್ದೆ. ಅವನು ಗಾಬರಿಯಿಂದ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಬೇಡ ಆಂಟಿ. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ. ಮನೇಲಿ ಹುಡುಗಿ ನೋಡ್ತಾ ಇದಾರೆ."

ಅವನು ಬಟ್ಟೆ ಕೊಡವಿಕೊಂಡು ಜನರ ನಡುವೆ ಮರೆಯಾಗುವವರೆಗೂ ನೋಡುತ್ತ ಕೂತಿದ್ದೆ. ನಲವತ್ತು ವರ್ಷ... ಮಿಸ್ ಇದ್ದಿದ್ದರೆ ಅವನಿಗೆ ಏನು ಹೇಳುತ್ತಿದ್ದರೋ.